ಆನೆ ಕಾಣದ ಆನೆ ಗಣತಿ



ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಮೊದಲು ಬಾಯಿಪಾಠ ಮಾಡಿಸುವ ಪುಟ್ಟ ಸೂರಃಗಳಲ್ಲಿ ‘ಅಲ್ ಫೀಲ್’ ಒಂದು. ಫೀಲ್ ಎಂದರೆ ಆನೆ. ಪವಿತ್ರ ಕುರ್‌ಆನಿನ 105ನೇ ಅಧ್ಯಾಯ, ಐದೇ ಸೂಕ್ತಗಳು. ಕಅಬಾವನ್ನು ಕೆಡವಲು ಅಬ್ರಹ ಆನೆಯೊಂದಿಗೆ ದಂಡೆತ್ತಿ ಬಂದ ಪ್ರಸಂಗ ಅದರಲ್ಲಿದೆ. ಆ ವರ್ಷವನ್ನು ಅರಬರು ‘ಆನೆಯ ವರ್ಷ’ವೆಂದೇ ನೆನಪಿಟ್ಟುಕೊಂಡರು. ಪ್ರವಾದಿ ಮುಹಮ್ಮದ್(ಸ)ರ ಜನನವನ್ನೂ ಆ ವರ್ಷದಿಂದಲೇ ಗುರುತಿಸುವುದು ವಾಡಿಕೆ. ಆನೆಗಳೇ ಇಲ್ಲದ ಮಕ್ಕಾದಲ್ಲಿ ಆನೆಯ ಹೆಸರು ಹೀಗೆ ಉಳಿಯಿತು. ಆದರೆ ಆನೆಗಳ ನಾಡಿನಲ್ಲೇ ಬದುಕುವ ನಮಗೆ ಆನೆಯ ಬಗ್ಗೆ ಎಷ್ಟು ಗೊತ್ತು?

ನಾನು ಮಕ್ಕಳಿಗೆ ಕುರ್‌ಆನ್ ಕಲಿಸುವುದು ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಹೆಬ್ಬಗೋಡಿಯಲ್ಲಿ. ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರ ಮಕ್ಕಳೇ ಹೆಚ್ಚು. ಕಲಬುರಗಿ, ರಾಯಚೂರಿನಿಂದ ಹಿಡಿದು ಬಿಹಾರದವರೆಗಿನ ಕುಟುಂಬಗಳು ಅಲ್ಲಿವೆ. ಒಂದು ಸಂಜೆ ಈ ಸೂರಃದ ಅರ್ಥ ಹೇಳುತ್ತಾ, “ಆನೆಗಳು ಈಗ ಎಲ್ಲಿವೆ?” ಎಂದು ಕೇಳಿದೆ. “ಝೂನಲ್ಲಿ” ಎಂದಿತು ಒಂದು ಮಗು. “ಟಿವಿಯಲ್ಲಿ” ಎಂದಿತು ಇನ್ನೊಂದು. ಎಂಟು ವರ್ಷದ ಹುಡುಗಿಯೊಬ್ಬಳು ಬಹಳ ಗಂಭೀರವಾಗಿ, “ಆಪಾ, ಅವು ಮೊದಲು ಇದ್ದವು, ಈಗ ಇಲ್ಲ” ಎಂದಳು. ಅಬ್ರಹನ ಕಾಲದಲ್ಲೇ ಆನೆಗಳೆಲ್ಲ ಮುಗಿದುಹೋದವೆಂದು ಅವಳು ತಿಳಿದಿದ್ದಳು. ಅವಳು ಕುಳಿತಿದ್ದ ಜಾಗದಿಂದ ಹದಿನೈದು ಕಿಲೋಮೀಟರ್ ಆಚೀಚೆ ಕಾಡಾನೆಗಳು ಓಡಾಡುತ್ತಿದ್ದವು.

ಬನ್ನೇರುಘಟ್ಟ ಎಂದರೆ ನಮಗೆ ನೆನಪಾಗುವುದು ಸಫಾರಿ ಬಸ್ಸು, ಪಂಜರದ ಹುಲಿ, ಭಾನುವಾರದ ಬುತ್ತಿ. ಅದು ಆ ಕಾಡಿನ ಒಂದು ಮೂಲೆ ಮಾತ್ರ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬನ್ನೇರುಘಟ್ಟ ಅರಣ್ಯದ ವಿಸ್ತೀರ್ಣ ಸುಮಾರು 260 ಚದರ ಕಿಲೋಮೀಟರ್. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ಎಂಬ ವಲಯಗಳಾಗಿ ಅದು ದಕ್ಷಿಣಕ್ಕೆ ಉದ್ದಕ್ಕೆ ಹಬ್ಬಿದೆ. ಒಂದು ಕಡೆ ತಮಿಳುನಾಡಿನ ತಳಿ ಅರಣ್ಯ, ಇನ್ನೊಂದು ಕಡೆ ಕಾವೇರಿ ವನ್ಯಜೀವಿಧಾಮದ ಕಾಡು ಇದಕ್ಕೆ ಸೇರಿಕೊಳ್ಳುತ್ತವೆ. ದಿಂಡಿಗ, ಹೊನ್ನೆ, ಕಗ್ಗಲಿ, ಬಿದಿರುಗಳಿರುವ, ಬೇಸಿಗೆಯಲ್ಲಿ ಎಲೆಯುದುರುವ ಉಷ್ಣವಲಯದ ಕಾಡು ಇದು. ಆನೆಗಳಿಗೆ ಈ ಕಾಡುಗಳೆಲ್ಲ ಒಂದೇ ಮನೆಯ ಕೋಣೆಗಳಿದ್ದಂತೆ. ಆನೇಕಲ್ ಎಂದು ದಿನಾ ಬಸ್ಸಿನ ಬೋರ್ಡಿನಲ್ಲಿ ಓದುವ ನಮಗೆ ಆ ಹೆಸರಿನಲ್ಲೇ ಕೇಳಿಸುವ ಆನೆ ಮಾತ್ರ ಕೇಳಿಸುವುದಿಲ್ಲ.

2017ರ ಮೇ ತಿಂಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಒಂದೇ ಹೊತ್ತಿಗೆ ಆನೆ ಗಣತಿ ನಡೆಯಿತು. ಕರ್ನಾಟಕದ ಅರಣ್ಯ ಇಲಾಖೆ ಸಾರ್ವಜನಿಕರಿಂದಲೂ ಸ್ವಯಂಸೇವಕರನ್ನು ಕರೆದಿತ್ತು. ಶಾಲೆಗೆ ಬೇಸಿಗೆ ರಜೆ, ರಮಝಾನ್ ಬರಲು ಇನ್ನೂ ಕೆಲವು ದಿನಗಳಿದ್ದವು. ನಾನೂ ನನ್ನ ಪತಿಯೂ ಹೆಸರು ಕೊಟ್ಟೆವು.

ಸುದ್ದಿ ತಿಳಿದಾಗ ಅತ್ತೆ ನಕ್ಕರು. “ಮನೆಯಲ್ಲಿ ಅಕ್ಕಿಯ ಲೆಕ್ಕ ನೋಡಿಕೊಂಡರೆ ಸಾಲದೇ, ಆನೆಯ ಲೆಕ್ಕ ಬೇರೆ ಬೇಕೇ?” ಎಂದರು. ಬಂಧುಗಳಲ್ಲಿ ಕೆಲವರಿಗೆ ಇದು ನಗುವ ವಿಷಯವಾಗಿ ಕಾಣಲಿಲ್ಲ. ಹೆಂಗಸರು ಕಾಡಿಗೆ ಹೋಗುವುದೇ, ಪರದೆಯ ಗತಿಯೇನು, ನಮಾಝ್‌ನ ಗತಿಯೇನು ಎಂದೆಲ್ಲ ಕೇಳಿದರು. ನೀವೂ ಕೇಳಬಹುದಾದ ಪ್ರಶ್ನೆಗಳಿವು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಪತಿ ಜೊತೆಯಲ್ಲಿದ್ದುದರಿಂದ ಪ್ರಯಾಣದ ಪ್ರಶ್ನೆ ಏಳಲಿಲ್ಲ. ಉಡುಪಿನ ವಿಷಯದಲ್ಲಿ ಕಾಡಿನ ನಿಯಮ ನಮ್ಮ ನಿಯಮಕ್ಕೆ ಹತ್ತಿರವೇ ಇತ್ತು. ಮೈತುಂಬ ಬಟ್ಟೆ, ಕಣ್ಣಿಗೆ ಹೊಡೆಯದ ಬಣ್ಣ, ಸದ್ದು ಮಾಡುವ ಬಳೆ ಗೆಜ್ಜೆ ಕೂಡದು, ಸುಗಂಧ ಕೂಡದು. ಬುರ್ಖಾ ಮುಳ್ಳಿಗೆ ಸಿಕ್ಕಿಕೊಳ್ಳುವುದರಿಂದ ಮಣ್ಣಿನ ಬಣ್ಣದ ಸಡಿಲವಾದ ಕುರ್ತಾ, ಪೈಜಾಮ, ಅದೇ ಬಣ್ಣದ ಸ್ಕಾರ್ಫ್ ಹೊಲಿಸಿಕೊಂಡೆ. ನಮ್ಮವರಿಗೆ ಮಾತ್ರ ಅತ್ತರ್ ಬಿಡುವುದು ಮೂರು ದಿನದ ದೊಡ್ಡ ತ್ಯಾಗವಾಯಿತು!

ಹಿಂದಿನ ದಿನ ತರಬೇತಿಯಾಯಿತು. ಗಣತಿಯ ಕ್ರಮ ಹೀಗೆ: ಮೊದಲ ದಿನ ಗೊತ್ತುಪಡಿಸಿದ ಒಂದು ತುಂಡು ಕಾಡನ್ನು ನಡೆದು ಜಾಲಾಡಿ, ಕಣ್ಣಿಗೆ ಬಿದ್ದ ಆನೆಗಳನ್ನು ಬರೆದುಕೊಳ್ಳುವುದು. ಎರಡನೇ ದಿನ ಕಾಡಿನೊಳಗೆ ಎಳೆದ ನೇರ ಗೆರೆಯ ಮೇಲೆ ಸುಮಾರು ಎರಡು ಕಿಲೋಮೀಟರ್ ನಡೆದು, ಅಕ್ಕಪಕ್ಕದಲ್ಲಿ ಬಿದ್ದಿರುವ ಲದ್ದಿಯನ್ನು ಎಣಿಸುವುದು. ಮೂರನೇ ದಿನ ಬೆಳಗಿನಿಂದ ಸಂಜೆಯವರೆಗೆ ನೀರಿನ ಹೊಂಡದ ಬಳಿ ಮರೆಯಲ್ಲಿ ಕುಳಿತು, ನೀರು ಕುಡಿಯಲು ಬರುವ ಆನೆಗಳ ಗಂಡು ಹೆಣ್ಣು, ವಯಸ್ಸು ಗುರುತಿಸುವುದು. ಒಂದು ವರ್ಷದೊಳಗಿನ ಮರಿ, ಐದು ವರ್ಷದವರೆಗಿನದು, ಹದಿನೈದರವರೆಗಿನದು, ಅದಕ್ಕೂ ದೊಡ್ಡದು ಎಂದು ನಾಲ್ಕು ಅಂಕಣ. ದಂತವಿಲ್ಲದ ಗಂಡಾನೆಯೂ ಇರುತ್ತದೆ, ಅದನ್ನು ಮಕ್ನಾ ಎನ್ನುತ್ತಾರೆ, ದಂತವಿಲ್ಲವೆಂದು ಹೆಣ್ಣಿನ ಅಂಕಣಕ್ಕೆ ಹಾಕಬೇಡಿ ಎಂದು ಎರಡೆರಡು ಬಾರಿ ಹೇಳಿದರು. ಹೆಣ್ಣಾನೆಗಳ ಹಿಂಡನ್ನು ನಡೆಸುವುದು ವಯಸ್ಸಾದ ಹೆಣ್ಣಾನೆ. ನೀರೆಲ್ಲಿದೆ, ದಾರಿಯೆಲ್ಲಿದೆ ಎಂಬುದು ಅವಳ ನೆನಪಿನಲ್ಲಿರುತ್ತದೆ ಎಂದಾಗ ನಮ್ಮ ತಂಡದ ಮಹಿಳಾ ಗಾರ್ಡ್ ನನ್ನ ಕಡೆ ತಿರುಗಿ ನಕ್ಕರು.

ಸಹೋದರಿಯರೇ, ಆ ಮೂರು ದಿನಗಳಲ್ಲಿ ನಾನು ಒಂದೇ ಒಂದು ಆನೆಯನ್ನೂ ನೋಡಲಿಲ್ಲ.

ನೋಡಿದ್ದು ಲದ್ದಿಯನ್ನು. ಗೆರೆಯ ಮೇಲೆ ನಡೆಯುತ್ತಾ ಲದ್ದಿಯ ಗುಡ್ಡೆ ಕಂಡಲ್ಲೆಲ್ಲ ನಿಂತು, ಗೆರೆಯಿಂದ ಅದು ಎಷ್ಟು ದೂರವಿದೆ ಎಂದು ಟೇಪು ಹಿಡಿದು ಅಳೆಯಬೇಕು. ಹಸಿಯೋ, ಒಣಗಿದೆಯೋ, ಕದಡಿಹೋಗಿದೆಯೋ ಎಂದು ಬರೆಯಬೇಕು. ಇದರಿಂದ ಆನೆಯ ಲೆಕ್ಕ ಹೇಗೆ ಬರುತ್ತದೆ ಎಂದು ಕೇಳುವಿರಿ. ಒಂದು ಆನೆ ದಿನಕ್ಕೆ ಸುಮಾರು ಹದಿನಾರು ಬಾರಿ ಲದ್ದಿ ಹಾಕುತ್ತದೆ ಎಂದು ದಕ್ಷಿಣ ಭಾರತದ ಕಾಡುಗಳಲ್ಲಿ ಮಾಡಿದ ಅಧ್ಯಯನದಿಂದ ತಿಳಿದಿದೆ. ಒಂದು ಗುಡ್ಡೆ ಎಷ್ಟು ದಿನಕ್ಕೆ ಮಣ್ಣಾಗುತ್ತದೆ ಎಂಬುದನ್ನೂ ಆಯಾ ಕಾಡಿನಲ್ಲಿ ನೋಡಿಟ್ಟಿರುತ್ತಾರೆ. ಈಗ ಕಾಡಿನಲ್ಲಿ ಎಷ್ಟು ಗುಡ್ಡೆಗಳಿವೆ ಎಂಬುದು ಸಿಕ್ಕರೆ, ಈ ಮೂರು ಅಂಕಿಗಳಿಂದ ಎಷ್ಟು ಆನೆಗಳು ಅಲ್ಲಿ ಬದುಕುತ್ತಿವೆ ಎಂಬ ಅಂದಾಜು ಹೊರಡುತ್ತದೆ. ಅಡುಗೆಮನೆಯಲ್ಲಿ ತೊಳೆಯಲು ಬಿದ್ದ ಲೋಟಗಳನ್ನು ನೋಡಿಯೇ ಮನೆಗೆ ಎಷ್ಟು ಜನ ನೆಂಟರು ಬಂದುಹೋದರೆಂದು ನಾವು ಹೇಳುವುದಿಲ್ಲವೇ? ಹಾಗೆಯೇ.

ನಮ್ಮ ತಂಡದ ದಾರಿ ತೋರಿಸುವವರು ಇರುಳಿಗ ಸಮುದಾಯದ ಹಿರಿಯ ವಾಚರ್. ಶಾಲೆಗೆ ಹೋದವರಲ್ಲ. ಮುರಿದ ಬಿದಿರಿನ ತುದಿಯನ್ನು ಮೂಸಿ ಆನೆ ರಾತ್ರಿ ಹೋಯಿತೋ ಬೆಳಗ್ಗೆ ಹೋಯಿತೋ ಹೇಳಬಲ್ಲವರಾಗಿದ್ದರು. ತಂಡದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಯೊಂದರಲ್ಲಿ ಕೆಲಸ ಮಾಡುವ ಇಂಜಿನಿಯರ್ ಹುಡುಗನೂ ಇದ್ದ. ತುಂಬ ಉತ್ಸಾಹಿ. ಮೂರನೇ ದಿನ ನೀರಿನ ಹೊಂಡದ ಬಳಿ ಆರು ಗಂಟೆಯಿಂದ ಕುಳಿತಿದ್ದೆವು. ನವಿಲು ಬಂತು, ಜಿಂಕೆಗಳು ಬಂದವು, ಕಾಡುಹಂದಿಯೊಂದು ಮರಿಗಳನ್ನು ಕರೆದುಕೊಂಡು ಬಂತು. ಆನೆ ಬರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಎದುರಿನ ಇಳಿಜಾರಿನ ಪೊದೆಗಳ ನಡುವೆ ಬೂದುಬಣ್ಣದ ದುಂಡನೆಯ ಬೆನ್ನೊಂದು ಕಂಡಿತು. ಹುಡುಗ ಪೆನ್ನು ತೆಗೆದ. “ಖಂಡಿತ ಆನೆಯೇ. ಒಂದು ಅಂತ ಬರೆಯೋಣ” ಎಂದ. ನಮ್ಮವರಿಗೂ ಹಾಗೇ ಅನಿಸಿತು. ವಾಚರ್ ಅತ್ತ ನೋಡಿ ಸಣ್ಣ ದನಿಯಲ್ಲಿ, “ಕಂಡಿದ್ದ ಬರ್ಕೊಳ್ಳಿ ಸಾರ್, ಅನ್ಸಿದ್ದ ಬ್ಯಾಡ” ಎಂದರು. ಅರ್ಧ ಗಂಟೆಯ ಮೇಲೆ ಬಿಸಿಲು ಸರಿದಾಗ ಆ ಬೆನ್ನು ಬಂಡೆಯಾಗಿತ್ತು. ಸಂಜೆ ಆರಕ್ಕೆ ಹಾಳೆಯ ಮೇಲೆ ‘ಸೊನ್ನೆ’ ಎಂದು ಬರೆದು ನಾವೆಲ್ಲ ಸಹಿ ಹಾಕಿದೆವು. ಹುಡುಗನ ಮುಖ ಬಾಡಿತ್ತು. “ಸೊನ್ನೇನೂ ಲೆಕ್ಕಾನೇ” ಎಂದು ಗಾರ್ಡ್ ಸಮಾಧಾನ ಹೇಳಿದರು.

ಆ ವಾಚರ್ ಆಡಿದ ಮಾತನ್ನು ನಾನು ಮದ್ರಸದಲ್ಲಿ ಬೇರೆ ಶಬ್ದಗಳಲ್ಲಿ ಓದಿದ್ದೆ. ಹದೀಸ್ ಶಾಸ್ತ್ರದಲ್ಲಿ ಒಂದು ವರದಿಯನ್ನು ಒಪ್ಪಬೇಕಾದರೆ ಹೇಳಿದವನು ಯಾರು, ಅವನು ಯಾರಿಂದ ಕೇಳಿದ, ಇಬ್ಬರೂ ಒಂದೇ ಕಾಲದವರೇ, ಭೇಟಿಯಾಗಿದ್ದರೇ ಎಂದೆಲ್ಲ ವಿಚಾರಿಸುತ್ತಾರೆ. ವರದಿ ಮಾಡುವವನಲ್ಲಿ ಎರಡು ಗುಣಗಳು ಬೇಕು. ಒಂದು ‘ಅದಾಲತ್’, ಅಂದರೆ ನಂಬಿಕಸ್ತಿಕೆ. ಇನ್ನೊಂದು ‘ಝಬ್ತ್’, ಅಂದರೆ ಕೇಳಿದ್ದನ್ನು ಹೆಚ್ಚು ಕಡಿಮೆ ಮಾಡದೆ ಕಾಯ್ದುಕೊಳ್ಳುವ ಖಚಿತತೆ. ಮನುಷ್ಯ ಒಳ್ಳೆಯವನೇ ಆಗಿದ್ದರೂ ನೆನಪು ಸಡಿಲವಾಗಿದ್ದರೆ ಅವನ ಮಾತನ್ನು ಬದಿಗಿಡುತ್ತಾರೆ. ಮದ್ರಸಗಳಲ್ಲಿ ಒಂದು ಕಥೆ ಹೇಳುವುದುಂಟು. ಹದೀಸ್ ಸಂಗ್ರಾಹಕರೊಬ್ಬರು ದೂರದೂರಿಗೆ ಒಬ್ಬ ವರದಿಗಾರನನ್ನು ಹುಡುಕಿಕೊಂಡು ಹೋದರಂತೆ. ಆತ ಖಾಲಿ ಸೆರಗನ್ನು ಮೇವಿದ್ದಂತೆ ತೋರಿಸಿ ತನ್ನ ಪ್ರಾಣಿಯನ್ನು ಹತ್ತಿರ ಕರೆಯುತ್ತಿದ್ದ. ಅವರು ಒಂದು ಮಾತೂ ಕೇಳದೆ ಹಿಂದಿರುಗಿದರಂತೆ. ಮೂಕಪ್ರಾಣಿಗೆ ಸುಳ್ಳು ಹೇಳುವವನು ಮನುಷ್ಯರಿಗೆ ಸತ್ಯ ಹೇಳುವನೆಂದು ನಂಬುವುದು ಹೇಗೆ?

ಪ್ರಾಣಿಯ ಬಗ್ಗೆ ಸುಳ್ಳು ಸಾಕ್ಷಿ ಬರೆದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ನೋಡಿದೆ. ರಾಜಸ್ಥಾನದ ಸರಿಸ್ಕ ಹುಲಿಗಳಿಗೆಂದೇ ಮೀಸಲಾದ ಕಾಡು. ಅಲ್ಲಿ ವರ್ಷ ವರ್ಷವೂ ಹೆಜ್ಜೆಗುರುತು ಎಣಿಸಿ ಇಷ್ಟು ಹುಲಿಗಳಿವೆ ಎಂದು ಬರೆಯುತ್ತಲೇ ಬಂದರು. 2005ರಲ್ಲಿ ಹುಡುಕಿದಾಗ ಒಂದು ಹುಲಿಯೂ ಉಳಿದಿರಲಿಲ್ಲ. ಬೇಟೆಗಾರರು ಕೊಂದು ಮುಗಿಸಿದ್ದರು. ಕಾಗದದ ಮೇಲಿನ ಹುಲಿಗಳು ಕಾಡಿನ ಹುಲಿಗಳ ಸಾವನ್ನು ಮುಚ್ಚಿಟ್ಟಿದ್ದವು. ಹುಲಿಗಳಿಲ್ಲ ಎಂದು ಯಾರಾದರೂ ಧೈರ್ಯವಾಗಿ ಸೊನ್ನೆಯ ಹತ್ತಿರದ ಅಂಕಿ ಬರೆದಿದ್ದರೆ ಎಚ್ಚರಗೊಳ್ಳಲು ಕಾಲವಿರುತ್ತಿತ್ತು.

ಹೆಜ್ಜೆಗುರುತಿನ ಲೆಕ್ಕವನ್ನು ನಂಬಬೇಡಿ ಎಂದು ಬಹಳ ಮೊದಲೇ ಹೇಳಿದವರಲ್ಲಿ ನಮ್ಮ ಕರಾವಳಿಯ ಡಾ. ಉಲ್ಲಾಸ ಕಾರಂತರು ಒಬ್ಬರು. ಸಾಹಿತಿ ಶಿವರಾಮ ಕಾರಂತರ ಮಗ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಕಾಡು ಹಿಡಿದವರು. 1980ರ ದಶಕದಿಂದ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ನಡೆಸಿದರು. ಮನುಷ್ಯರ ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಯೂ ಬೇರೆ. ಹುಲಿ ನಡೆಯುವ ದಾರಿಯ ಎರಡೂ ಬದಿ ಕ್ಯಾಮರಾ ಕಟ್ಟಿ, ಸಿಕ್ಕ ಚಿತ್ರಗಳಿಂದ ಹುಲಿಗಳ ಸಂಖ್ಯೆ ಅಂದಾಜು ಮಾಡುವ ವಿಧಾನವನ್ನು ಅವರು ನಾಗರಹೊಳೆಯಲ್ಲಿ ಬೆಳೆಸಿದರು. ಹುಲಿಗೆ ಆಹಾರವಾದ ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಲು ನೇರ ಗೆರೆಗಳ ಮೇಲೆ ಮುಂಜಾನೆ ನಡೆಯುವ ಕೆಲಸಕ್ಕೆ ಬೆಂಗಳೂರು, ಮೈಸೂರಿನ ಸಾಮಾನ್ಯ ಉದ್ಯೋಗಿಗಳು, ಕೊಡಗಿನ ಕಾಫಿ ಬೆಳೆಗಾರರು, ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಬಂದರು. ರಜೆ ಹಾಕಿ, ಸಂಬಳವಿಲ್ಲದೆ, ಜಿಗಣೆ ಉಣ್ಣೆಗಳಿಂದ ಕಚ್ಚಿಸಿಕೊಂಡು ನಡೆದ ಇಂಥವರ ನೋಟ್‌ಬುಕ್ಕುಗಳಿಂದಲೇ ನಮ್ಮ ಕಾಡುಗಳ ಸ್ಥಿತಿ ಜಗತ್ತಿಗೆ ತಿಳಿಯಿತು. ಸರಿಸ್ಕದ ಬಳಿಕ ದೇಶದ ಹುಲಿ ಗಣತಿಯೂ ಕ್ಯಾಮರಾಕ್ಕೆ ತಿರುಗಿತು. 2006ರ ಹೊಸ ಲೆಕ್ಕದಲ್ಲಿ ದೇಶದ ಹುಲಿಗಳ ಸಂಖ್ಯೆ 1,411 ಎಂದು ಬಂದಾಗ ಎಲ್ಲರೂ ಬೆಚ್ಚಿದರು. ಆ ಕಹಿ ಸತ್ಯವೇ ಮದ್ದಾಯಿತೆನ್ನಬೇಕು. 2022ರ ಗಣತಿಯಲ್ಲಿ ಅದು 3,682ಕ್ಕೆ ಏರಿತ್ತು. ಕರ್ನಾಟಕದ ಪಾಲು 563.

ಆನೆಗಳ ಅಂಕಿಯಲ್ಲೂ ಇದೇ ಪಾಠವಿದೆ. ನಾವು ಭಾಗವಹಿಸಿದ 2017ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,049 ಎಂದು ಪ್ರಕಟವಾಯಿತು. 2023ರಲ್ಲಿ 6,395. 2025ರ ಅಕ್ಟೋಬರಿನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯ ಇನ್ನೊಂದು ವರದಿ ಬಂತು. ಅದರಲ್ಲಿ ಕರ್ನಾಟಕಕ್ಕೆ 6,013, ಇಡೀ ದೇಶಕ್ಕೆ 22,446. ಹಾಗಾದರೆ ಎರಡು ವರ್ಷಗಳಲ್ಲಿ ನಮ್ಮ ರಾಜ್ಯದ 382 ಆನೆಗಳು ಮಾಯವಾದವೇ? ಹಾಗೆ ಹೇಳುವಂತಿಲ್ಲ. ಈ ವರದಿಯ ವಿಧಾನವೇ ಬೇರೆ. ದೇಶದ ಕಾಡುಗಳಿಂದ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಲದ್ದಿಯ ಮಾದರಿಗಳನ್ನು ಸಂಗ್ರಹಿಸಿ, ಅದರಲ್ಲಿನ ಡಿಎನ್‌ಎ ಪರೀಕ್ಷಿಸಿ ಒಂದೊಂದು ಆನೆಯನ್ನೂ ಪ್ರತ್ಯೇಕವಾಗಿ ಗುರುತಿಸಿ ಮಾಡಿದ ಅಂದಾಜು ಅದು. ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ್ದನ್ನು ಒಂದರಿಂದ ಇನ್ನೊಂದನ್ನು ಕಳೆದು ನೋಡುವುದು ನ್ಯಾಯವಲ್ಲ. ಎಲ್ಲ ಲೆಕ್ಕಗಳಲ್ಲೂ ಒಂದು ಮಾತು ನಿಜ: ದೇಶದ ಯಾವ ರಾಜ್ಯಕ್ಕಿಂತಲೂ ಹೆಚ್ಚು ಆನೆಗಳಿರುವುದು ನಮ್ಮ ಕರ್ನಾಟಕದಲ್ಲಿ. ಅಂದಹಾಗೆ, ಗಣತಿಯಿಂದ ಹಿಂದಿರುಗಿದಾಗ “ಆನೆ ನೋಡಿದಿರಾ?” ಎಂದು ಕೇಳಿದ ನೆರೆಮನೆಯವರಿಗೆ “ಲದ್ದಿ ನೋಡಿದೆ” ಎಂದು ಉತ್ತರಿಸಿ ನಗೆಗೀಡಾಗಿದ್ದೆ. ಲದ್ದಿಗೆ ಎಷ್ಟು ಬೆಲೆಯಿದೆ ಎಂದು ಈಗ ವರದಿ ತೋರಿಸಿ ಹೇಳಬಹುದು.

ಆದರೆ ಲೆಕ್ಕ ಏತಕ್ಕಾಗಿ? ಈ ಪ್ರಶ್ನೆಯನ್ನು ನನಗೆ ಕೇಳಿದವರು ಕಾಡಂಚಿನ ಹಳ್ಳಿಯ ಒಬ್ಬ ಅಜ್ಜಿ. ಎರಡನೇ ದಿನ ನಡಿಗೆ ಮುಗಿಸಿ ಅವರ ಜಗಲಿಯಲ್ಲಿ ನೀರು ಕುಡಿಯಲು ಕುಳಿತಿದ್ದೆವು. ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿ ಅವರು, “ಆನೆ ಎಷ್ಟವೆ ಅಂತ ಬರ್ಕೊಂಡು ಹೋಯ್ತೀರ. ನನ್ ರಾಗಿ ಎಷ್ಟು ಹೋಯ್ತು ಅಂತ ಯಾರವ್ವ ಬರ್ಕೊಂಡೋರು?” ಎಂದರು. ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆಗಳು ಹೊಲಕ್ಕಿಳಿಯುತ್ತವೆ. ಅಟ್ಟಣೆಯ ಮೇಲೆ ಕುಳಿತು ಗಂಡಸರು ರಾತ್ರಿಯೆಲ್ಲ ಕಾಯುತ್ತಾರೆ, ಹೆಂಗಸರು ಮನೆಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುತ್ತಾರೆ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ತುಳಿತಕ್ಕೆ ಸಿಕ್ಕು ಹೋಗುತ್ತದೆ. ಕೆಲವೊಮ್ಮೆ ಮನುಷ್ಯನ ಪ್ರಾಣವೇ ಹೋಗುತ್ತದೆ. ನಗರದಲ್ಲಿ ಕುಳಿತು ‘ಆನೆ ಉಳಿಸಿ’ ಎನ್ನುವವರು ಆ ಅಜ್ಜಿಯ ಜಗಲಿಯಲ್ಲಿ ಒಂದು ಗಂಟೆ ಕುಳಿತು ಬರಬೇಕು.

ಅಜ್ಜಿ ಕೇಳಿದ್ದೂ ಸಾಕ್ಷಿಯನ್ನೇ ಅಲ್ಲವೇ? ಆನೆಯ ಪರ ಸಾಕ್ಷಿ ನುಡಿಯುವವರು ತನ್ನ ಪರವೂ ನುಡಿಯಲಿ ಎಂದು. ಈ ಕೆಲಸವನ್ನು ಮಾಡುವವರೂ ಇದ್ದಾರೆ. ಉಲ್ಲಾಸ ಕಾರಂತರ ಮಗಳು ಡಾ. ಕೃತಿ ಕಾರಂತರು 2015ರಲ್ಲಿ ಬಂಡೀಪುರ, ನಾಗರಹೊಳೆಯ ಸುತ್ತಲ ಹಳ್ಳಿಗಳಿಗಾಗಿ ‘ವೈಲ್ಡ್ ಸೇವೆ’ ಎಂಬ ವ್ಯವಸ್ಥೆ ಆರಂಭಿಸಿದರು. ಬೆಳೆ ಹಾಳಾದ, ದನ ಕಳೆದುಕೊಂಡ ರೈತ ಒಂದು ಉಚಿತ ಫೋನ್ ಕರೆ ಮಾಡಿದರೆ ಕಾರ್ಯಕರ್ತರು ಬಂದು ನಷ್ಟವನ್ನು ಅಳೆದು, ಫೋಟೋ ತೆಗೆದು, ಸರಕಾರದ ಪರಿಹಾರಕ್ಕೆ ಅರ್ಜಿ ಹಾಕಲು ನೆರವಾಗುತ್ತಾರೆ. ಆ ಲೆಕ್ಕಗಳಿಂದಲೇ ಯಾವ ಊರಿಗೆ ಯಾವ ತಿಂಗಳು ಅಪಾಯ ಹೆಚ್ಚು ಎಂಬುದೂ ತಿಳಿಯುತ್ತದೆ.

ನಮ್ಮ ಬೆಂಗಳೂರಿನವರಿಗೆ ಇದರಲ್ಲಿ ಪಾಲಿಲ್ಲವೆಂದು ಭಾವಿಸಬೇಡಿ. ಬನ್ನೇರುಘಟ್ಟದ ಸುತ್ತ ಗಣಿ, ಕಟ್ಟಡಗಳಿಗೆ ಕಡಿವಾಣ ಹಾಕುವ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ಬೊಮ್ಮಸಂದ್ರದವರೆಗೆ 2025ರಲ್ಲಿ ಮೆಟ್ರೋ ಬಂತು. ಸಂತೋಷವೇ. ಲೇಔಟುಗಳು ಕಾಡಿನ ಕಡೆಗೆ ಹೆಜ್ಜೆ ಹಾಕುತ್ತಿವೆ. ಆನೆ ಊರಿಗೆ ನುಗ್ಗಿತು ಎಂದು ಪತ್ರಿಕೆ ಬರೆಯುತ್ತದೆ. ಊರು ಕಾಡಿಗೆ ನುಗ್ಗಿದ ಸುದ್ದಿ ಬರುವುದು ಸೈಟಿನ ಜಾಹೀರಾತಿನ ರೂಪದಲ್ಲಿ. ಆ ಜಾಹೀರಾತು ನೋಡಿ ಸೈಟು ಕೊಳ್ಳುವವರಲ್ಲಿ ನಾವೂ ಇದ್ದೇವೆ.

ಇಸ್ಲಾಮ್ ಈ ವಿಷಯದಲ್ಲಿ ನಮಗೆ ಮೌನ ವಹಿಸಲು ಅವಕಾಶ ಕೊಟ್ಟಿಲ್ಲ. ನೆಲದ ಮೇಲೆ ನಡೆಯುವ, ರೆಕ್ಕೆ ಬಿಚ್ಚಿ ಹಾರುವ ಜೀವಿಗಳೆಲ್ಲ ನಮ್ಮಂತೆಯೇ ‘ಸಮುದಾಯ’ಗಳು ಎನ್ನುತ್ತದೆ ಪವಿತ್ರ ಕುರ್‌ಆನಿನ ಆರನೇ ಅಧ್ಯಾಯ. ನಮ್ಮನ್ನು ಉಮ್ಮತ್ ಎಂದು ಕರೆಯುವ ಪದವೇ ಅಲ್ಲಿ ಅವುಗಳಿಗೂ ಬಂದಿದೆ. ಪ್ರವಾದಿವರ್ಯರು(ಸ) ಮದೀನಾದ ಸುತ್ತ ಮರ ಕಡಿಯದ, ಬೇಟೆಯಾಡದ ಪ್ರದೇಶವನ್ನು ಗೊತ್ತುಪಡಿಸಿದರು. ಹಜ್ಜ್‌ಗಾಗಿ ಇಹ್ರಾಮ್ ಧರಿಸಿದವರಿಗೆ ಬೇಟೆ ನಿಷಿದ್ಧ. ತಿಳಿದೂ ಕೊಂದರೆ ಪ್ರಾಯಶ್ಚಿತ್ತವಿದೆ. ಅದೆಷ್ಟೆಂದು ತೀರ್ಮಾನಿಸಲು ಇಬ್ಬರು ನ್ಯಾಯನಿಷ್ಠರು ಬೇಕು ಎಂದು ಐದನೇ ಅಧ್ಯಾಯ ವಿಧಿಸುತ್ತದೆ. ನೋಡಿ, ಕಾಡುಪ್ರಾಣಿಯ ವಿಷಯದಲ್ಲೂ ನಂಬಿಕಸ್ತರ ಮಾತೇ ಆಧಾರ.

ನಮಾಝ್‌ನ ಗತಿಯೇನು ಎಂದಿರಲ್ಲವೇ? ಭೂಮಿಯೆಲ್ಲವೂ ನಮಗೆ ಮಸೀದಿಯಾಗಿದೆ ಎಂಬುದನ್ನು ಮದ್ರಸದಲ್ಲಿ ಓದಿದ್ದೆ, ಮಕ್ಕಳಿಗೂ ಹೇಳಿಕೊಟ್ಟಿದ್ದೆ. ಅದು ಅನುಭವಕ್ಕೆ ಬಂದದ್ದು ಕಾಡಿನಲ್ಲಿ. ಬಾಟಲಿಯಲ್ಲಿದ್ದ ನೀರು ದಿನವಿಡೀ ಕುಡಿಯಲು ಬೇಕಿತ್ತು. ಹೊಂಡದ ಬಳಿ ಇಳಿಯುವಂತಿರಲಿಲ್ಲ. ತಯಮ್ಮುಮ್ ಮಾಡಿ, ದಿಂಡಿಗ ಮರದ ಕೆಳಗೆ ಒಣಗಿದ ಎಲೆಗಳ ಮೇಲೆ ಟವೆಲ್ ಹಾಸಿ ನಾನೂ ನಮ್ಮವರೂ ಝುಹರ್ ಮುಗಿಸಿದೆವು. ವಾಚರ್ ಅಷ್ಟು ಹೊತ್ತೂ ನಮ್ಮ ಹಿಂದೆ ನಿಂತು ಕಾಡಿನ ಕಡೆ ಕಣ್ಣಿಟ್ಟಿದ್ದರು. ಸುಜೂದ್‌ನಲ್ಲಿದ್ದಾಗ ದೂರದಲ್ಲೆಲ್ಲೋ ಬಿದಿರು ಮುರಿದ ಸದ್ದು ಕೇಳಿಸಿತು. ಆನೆಯೇ ಇರಬೇಕು ಎಂದು ಅನಿಸಿತು. ಅನಿಸಿದ್ದನ್ನು ಬರೆಯುವಂತಿರಲಿಲ್ಲ.

ಇದು ಹೆಂಗಸರ ಕೆಲಸವೇ ಎಂಬ ಪ್ರಶ್ನೆ ಇನ್ನೂ ಉಳಿದಿದೆಯೆಂದರೆ ಜಮಾಲ್ ಆರಾ ಅವರ ಹೆಸರನ್ನು ಹೇಳುತ್ತೇನೆ. 1923ರಲ್ಲಿ ಬಿಹಾರದ ಸಂಪ್ರದಾಯಸ್ಥ ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿದವರು. ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ. ಛೋಟಾ ನಾಗಪುರದ ಕಾಡುಗಳಲ್ಲಿ ವರ್ಷಗಟ್ಟಲೆ ಪಕ್ಷಿಗಳನ್ನು ನೋಡಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಲೇಖನಗಳನ್ನು ಬರೆದರು. ಮಕ್ಕಳಿಗಾಗಿ ಅವರು ಬರೆದ ಪಕ್ಷಿ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಪ್ರಕಟಿಸಿತು. ಅದೇ ಸೊಸೈಟಿಯ ಸಲೀಮ್ ಅಲಿಯವರ ಹೆಸರು ಎಲ್ಲರಿಗೂ ಗೊತ್ತು. ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸುತ್ತಾಡಿ ನೋಡಿ 1942-43ರಲ್ಲಿ ವಿವರವಾಗಿ ಬರೆದವರೂ ಅವರೇ. ಆದರೆ ಜಮಾಲ್ ಆರಾ ಅವರನ್ನು ಲೋಕ ಬಹುಕಾಲ ಮರೆತಿತ್ತು. ಹತ್ತನೇ ತರಗತಿ ಓದಿದ ಒಬ್ಬ ಮುಸ್ಲಿಮ್ ಮಹಿಳೆ ಹೊರಜಗತ್ತನ್ನು ಅಷ್ಟು ಜಾಗ್ರತೆಯಿಂದ ನೋಡಿ ಬರೆದಳೆಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಡವೇ? ಪ್ರಾಣಿಶಾಸ್ತ್ರ ಓದುತ್ತೇನೆ ಎನ್ನುವ ಮಗಳಿಗೆ “ಅದರಿಂದ ಏನು ಸಿಗುತ್ತೆ?” ಎಂದು ಬಾಯಿ ಮುಚ್ಚಿಸುವ ಮೊದಲು ನಾವು ಒಂದು ಗಳಿಗೆ ಯೋಚಿಸಬೇಡವೇ?

ಎಲ್ಲರೂ ಕಾಡಿಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಸಣ್ಣ ಮಕ್ಕಳಿರುವವರಿಗೆ, ವಯಸ್ಸಾದ ಅತ್ತೆ ಮಾವಂದಿರ ಸೇವೆಯಲ್ಲಿರುವವರಿಗೆ ಅದು ಆಗದ ಮಾತು. ಮನೆಯ ತಾರಸಿಯಲ್ಲೇ ಮಾಡುವ ಕೆಲಸವೂ ಇದೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಒಂದೆಡೆ ನಿಂತು, ಯಾವ ಹಕ್ಕಿ ಎಷ್ಟು ಕಂಡವು ಎಂದು ಬರೆದು ‘ಇ-ಬರ್ಡ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರಾಯಿತು. ಹೆಬ್ಬಗೋಡಿಯಾಗಲಿ, ವೈಟ್‌ಫೀಲ್ಡ್ ಆಗಲಿ, ಪೀಣ್ಯವಾಗಲಿ, ಬಟ್ಟೆ ಒಣಹಾಕಲು ಹೋದಾಗ ಕಾಗೆ, ಮೈನಾ, ಪಿಕಳಾರ, ಹದ್ದು ಕಾಣದ ತಾರಸಿ ಇಲ್ಲ. ಕಾಗೆಯೂ ಲೆಕ್ಕವೇ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಎರಡು ಕಾಗೆ ಕಂಡರೆ ಎರಡೇ ಬರೆಯಲಿ. ಮೂರು ಬರೆಯಲು ಹೋದರೆ ತಡೆಯಿರಿ, ಏನೂ ಕಾಣದಿದ್ದರೆ ಸೊನ್ನೆ ಬರೆಯಲು ನಾಚದಿರಲಿ.

ಈ ಅಭ್ಯಾಸ ಹಕ್ಕಿಗಷ್ಟೇ ನಿಲ್ಲುವುದಿಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಲು ಕಲಿತ ಮಗು ನೆರೆಮನೆಯ ಬಗ್ಗೆ ಕೇಳಿದ್ದನ್ನೆಲ್ಲ ಹಬ್ಬಿಸುವುದಿಲ್ಲ. ಮೊಬೈಲಿಗೆ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುವುದಿಲ್ಲ. ನಾಳೆ ಒಬ್ಬ ದುರ್ಬಲನ ಪರ ನಿಂತು ಮಾತಾಡಬೇಕಾಗಿ ಬಂದಾಗ ಅದರ ಮಾತಿಗೆ ತೂಕವಿರುತ್ತದೆ. ಆ ದುರ್ಬಲ ಕಾಡಂಚಿನ ಅಜ್ಜಿಯಾಗಿರಬಹುದು, ಬಾಯಿಲ್ಲದ ಆನೆಯಾಗಿರಬಹುದು. ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಸತ್ಯದ ಸಾಕ್ಷಿಗಳನ್ನಾಗಿ ಮಾಡಲಿ, ಆಮೀನ್.